ಹಾರುವ ಬಿಲ್ಲೆಗೆ ಹೊಂದುವ ಕೋವಿ

ಕೈಲ್ ಪೊಳ್ದ್ ಬಂತೆಂದರೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಕೊಡಗಿನವರಿಗೆ ಹೊಸದಲ್ಲ. ಆದರೆ ಮರಕ್ಕೆ ಕಟ್ಟಿದ ಕಾಯಿ ನಿಂತಲ್ಲೇ ಇರುತ್ತದೆ. ಕ್ಲೇ ಟಾರ್ಗೆಟ್ ಎನ್ನುವ ಬಿಲ್ಲೆ ಕ್ಷಣವೂ ನಿಲ್ಲುವುದಿಲ್ಲ. ಸದಸ್ಯರೊಬ್ಬರು ತಮ್ಮ ಮಗಳು ಟ್ರ್ಯಾಪ್ ಕಲಿಯಲು ಹೊರಟಿರುವಳೆಂದೂ, ಮನೆಯಲ್ಲಿರುವ ಅಜ್ಜನ ಕಾಲದ ಜೋಡುನಳಿಗೆ ಕೋವಿ ಅದಕ್ಕೆ ಸಾಲದೇ ಎಂದೂ ಕೇಳಿದ್ದಾರೆ. ಇದೇ ಪ್ರಶ್ನೆ ಇನ್ನೂ ಹಲವರ ಮನೆಯಲ್ಲಿ ಇರಬಹುದಾದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯಲಾಗಿದೆ.

ಹೆಸರಿಗೆ ಮಣ್ಣಿನದಾದರೂ ಈ ಬಿಲ್ಲೆ ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿದ್ದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದರ ಅಡ್ಡಗಲ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಟ್ರ್ಯಾಪ್‌ನಲ್ಲಿ ಅದು 15 ಮೀಟರ್ ಮುಂದಿನ ಕಂದಕದಿಂದ ಚಿಮ್ಮಿ, ಏರುತ್ತಾ ದೂರ ಸಾಗುತ್ತದೆ. ಸ್ಕೀಟ್‌ನಲ್ಲಿ ಎಡಬಲದ ಎರಡು ಗೂಡುಗಳಿಂದ ಹೊರಟು ಅಡ್ಡಹಾಯುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಅವರು ಬೆಳ್ಳಿ ಪದಕ ಗೆದ್ದದ್ದು ಒಟ್ಟಿಗೆ ಎರಡು ಬಿಲ್ಲೆ ಹಾರಿಸುವ ಡಬಲ್ ಟ್ರ್ಯಾಪ್‌ನಲ್ಲಿ.

ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿಕಣ್ಣು ಇರುತ್ತವೆ. ಚರೆ ಹೊಡೆಯುವ ಕೋವಿಗೆ ಹಿಂದಿನ ಗುರಿಕಣ್ಣಿಲ್ಲ. ಹೊಡೆಯುವವರ ಕಣ್ಣೇ ಆ ಜಾಗದಲ್ಲಿ ಕೆಲಸ ಮಾಡಬೇಕು. ಕೆನ್ನೆ ಹಿಡಿಮರದ ಮೇಲೆ ಎಲ್ಲಿ ಕೂರುವುದೋ ಅದರಂತೆ ಕಣ್ಣು, ಕಣ್ಣಿನಂತೆ ಈಡು. ಕಣ್ಣು ಇರಬೇಕಾದಲ್ಲಿಂದ ಬರೀ 3 ಮಿ.ಮೀ. ಸರಿದರೂ 35 ಮೀಟರ್ ದೂರದಲ್ಲಿ ಈಡು ಸುಮಾರು 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಿಲ್ಲೆಯಷ್ಟು, ಪಕ್ಕಕ್ಕೆ ಹೋಗುತ್ತದೆ. ಆದುದರಿಂದ ಲಕ್ಷಗಟ್ಟಲೆ ಬೆಲೆಯ ಕೋವಿಯೇ ಆದರೂ ಮೈಗೆ ಹೊಂದದಿದ್ದರೆ ಬೇರೆಯವರ ಕನ್ನಡಕ ಹಾಕಿಕೊಂಡಂತೆ.

ಅಂಗಡಿಗೆ ಹೋಗುವ ಮೊದಲೇ ಯಾವ ಕಣ್ಣು ಯಜಮಾನನೆಂದು ತಿಳಿಯಬೇಕು. ಎರಡು ಕೈಗಳನ್ನೂ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಅಡಿಕೆ ಗೊನೆಯೊಂದನ್ನು ಎರಡೂ ಕಣ್ಣು ತೆರೆದು ನೋಡಿ. ಅನಂತರ ಎಡಗಣ್ಣು ಮುಚ್ಚಿ. ಗೊನೆ ಕಿಂಡಿಯಲ್ಲೇ ಉಳಿದರೆ ಬಲಗಣ್ಣು, ಮರೆಯಾದರೆ ಎಡಗಣ್ಣು ಯಜಮಾನ. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿದ್ದರೆ ಎಡ ಹೆಗಲಿನಿಂದ ಹೊಡೆಯಲು ಕಲಿಯುವುದೋ, ಎಡ ಕನ್ನಡಕದ ಗಾಜಿಗೆ ಚಿಕ್ಕ ತುಂಡು ಟೇಪು ಅಂಟಿಸುವುದೋ ತರಬೇತುದಾರರೊಡನೆ ತೀರ್ಮಾನಿಸಬೇಕು. ಇದನ್ನು ನೋಡದೆ ಕೋವಿ ಕೊಂಡು ವರ್ಷಗಟ್ಟಲೆ ತೋಟಾ ಸುಟ್ಟವರುಂಟು.

ಹೊಂದಾಣಿಕೆಯಲ್ಲಿ ಮೊದಲು ಹಿಡಿಮರದ ಉದ್ದ. ಟ್ರಿಗರಿನಿಂದ ಹೆಗಲಿಗೊರಗುವ ತುದಿಯವರೆಗೆ ಹೊಸ ಕೋವಿಗಳಲ್ಲಿ ಸಾಮಾನ್ಯವಾಗಿ 14ರಿಂದ 14¾ ಇಂಚು ಇರುತ್ತದೆ. ಮೊಣಕೈ ಮಡಚಿ ಅಳೆಯುವ ಹಳೆಯ ರೂಢಿಯನ್ನು ನಂಬಬೇಡಿ. ಕೋವಿ ಏರಿಸಿದಾಗ ಹೆಬ್ಬೆರಳಿನ ಬುಡಕ್ಕೂ ಮೂಗಿಗೂ ಎರಡು ಮೂರು ಬೆರಳಿನಷ್ಟು ಅಂತರ ಉಳಿದರೆ ಸರಿ. ಉದ್ದ ಹೆಚ್ಚಾದರೆ ತುದಿ ಕಂಕುಳ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಸ್ವೆಟರ್ ಹಾಕಿ ಹೊಡೆಯುವವರು ಆ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನದು ಕೆನ್ನೆ ಕೂರುವ ಏಣಿನ ಎತ್ತರ. ಅದು ತಗ್ಗಾದರೆ ಕಣ್ಣಿಗೆ ನಳಿಗೆಯ ಹಿಂಭಾಗ ಅಡ್ಡ ಬರುತ್ತದೆ. ಕಲಿಯುವವರು ಬಿಲ್ಲೆ ಕಾಣಲೆಂದು ತಲೆ ಎತ್ತುತ್ತಾರೆ, ಈಡು ಮೇಲೆ ಹಾರುತ್ತದೆ, ಕೆನ್ನೆಗೂ ಪೆಟ್ಟು. ಟ್ರ್ಯಾಪ್ ಬಿಲ್ಲೆ ಏರುತ್ತಿರುವುದರಿಂದ ಆ ಕೋವಿಗಳಲ್ಲಿ ಈ ಏಣನ್ನು ಬೇಕೆಂದೇ ಎತ್ತರಿಸಿರುತ್ತಾರೆ. ಹಿಡಿಮರ ಬಲಕ್ಕೋ ಎಡಕ್ಕೋ ಬಾಗಿರುವುದು ಮೂರನೆಯದು; ಬಲಗೈಯವರಿಗೆ ಬಲಕ್ಕೆ. ಪರೀಕ್ಷಿಸಲು ಕೋವಿ ಬರಿದೆಂದು ಎರಡು ಸಲ ನೋಡಿ, ಕನ್ನಡಿಯ ಮುಂದೆ ಕಣ್ಣು ಮುಚ್ಚಿ ಏರಿಸಿ, ಅನಂತರ ತೆರೆಯಿರಿ. ಕಣ್ಣು ನಳಿಗೆಯ ಪಟ್ಟಿಯ ನೇರಕ್ಕೆ ಕೂತಿರಬೇಕು. ಕನ್ನಡಿಯ ಬದಲು ಮನುಷ್ಯರನ್ನು ಎದುರಿಗೆ ನಿಲ್ಲಿಸುವ ಕೆಲಸ ಯಾವ ಕಾರಣಕ್ಕೂ ಬೇಡ.

ಕೊನೆಯ ತೀರ್ಪು ಕಾಗದದ್ದು. ರೇಂಜಿನಲ್ಲಿ 16 ಗಜ ದೂರಕ್ಕೆ ದೊಡ್ಡ ಬಿಳಿ ಹಾಳೆ ಕಟ್ಟಿ, ನಡುವಿನ ಗುರುತಿಗೆ ತಡಮಾಡದೆ ಆರೇಳು ಈಡು ಹೊಡೆದರೆ ಚರೆಯ ಗುಂಪು ಎತ್ತ ವಾಲುತ್ತದೆಂದು ತಿಳಿಯುತ್ತದೆ. ಇಲ್ಲಿ 1 ಇಂಚು ತಪ್ಪಿದರೆ ಹಿಡಿಮರದಲ್ಲಿ ತಿದ್ದಬೇಕಾದ್ದು 1/16 ಇಂಚು. ಮೊದಲು ರಟ್ಟಿನ ಚೂರುಗಳನ್ನು ಟೇಪಿನಿಂದ ಸುತ್ತಿ ನೋಡಿ, ವಾರಗಟ್ಟಲೆ ಹೊಡೆದು, ಅನಂತರ ಮರಕ್ಕೆ ಉಳಿ ಹಚ್ಚಿ. ಕೋವಿ ಕೆಲಸ ಬಲ್ಲವರೇ ಹಚ್ಚಲಿ. ಬಾಗಿಲು ಮಾಡುವ ಆಚಾರಿ ಎಷ್ಟೇ ನಿಪುಣನಾದರೂ ಇದು ಬೇರೆ ವಿದ್ಯೆ.

ಆಯ್ಕೆಯ ಮಾತು ಹೆಚ್ಚಿಲ್ಲ. 12 ಬೋರು, ನಳಿಗೆ ಮೇಲೆ ನಳಿಗೆ. ಟ್ರ್ಯಾಪ್‌ಗೆ 30 ಅಥವಾ 32 ಇಂಚಿನ ನಳಿಗೆ, ಬಿಗಿ ಚೋಕು. ಸ್ಕೀಟ್‌ಗೆ ತುಸು ಗಿಡ್ಡ, ಸಡಿಲ ಚೋಕು. ತೂಕ ಮೂರೂವರೆ ಕಿಲೋ ಮೇಲಿದ್ದರೆ ಒದೆ ಕಡಿಮೆ.

ಇನ್ನು ಅಜ್ಜನ ಕೋವಿ. ಇಂಗ್ಲೆಂಡಿನ ಎಷ್ಟೋ ಹಳೆಯ ಜೋಡುನಳಿಗೆಗಳ ತೋಟಾಗೂಡಿನ ಉದ್ದ 2½ ಇಂಚು, ಅಂದರೆ 65 ಮಿ.ಮೀ. ಇಂದಿನ ಸ್ಪರ್ಧೆಯ ತೋಟಾ 70 ಮಿ.ಮೀ. ಮೋಸ ಇರುವುದು ಇಲ್ಲೇ: ಡಬ್ಬದ ಮೇಲೆ ಬರೆದಿರುವುದು ಸುಟ್ಟು ಬಾಯಿ ಬಿಚ್ಚಿದ ತೋಟಾದ ಉದ್ದ. ಸುಡದ ತೋಟಾ ಅದಕ್ಕಿಂತ ಗಿಡ್ಡವಾದ್ದರಿಂದ ಹಳೆಯ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಈಡು ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕಬ್ಬಿಣ ಉಕ್ಕುಗಳ ಪಟ್ಟಿ ಸುತ್ತಿ ಬೆಸೆದ, ಗೆರೆಗೆರೆಯಾಗಿ ಕಾಣುವ ಡಮಾಸ್ಕಸ್ ನಳಿಗೆಯಾದರೆ ಅಪಾಯ ಇನ್ನೂ ಹೆಚ್ಚು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಗಿದೆ. ಆದರೆ ಅದು ಪರವಾನಗಿಯಿಂದ ವಿನಾಯಿತಿ, ನಳಿಗೆಯ ಮುಪ್ಪಿನಿಂದಲ್ಲ.

ಆದ ಕಾರಣ ಆ ಸದಸ್ಯರಿಗೆ ನಮ್ಮ ಸಲಹೆ: ಹಿರಿಯರ ಕೋವಿಯ ಗೂಡನ್ನು ಕೋವಿ ರಿಪೇರಿಯವರಿಂದ ಅಳೆಸಿ, ಅಳತೆಯನ್ನು ಚೀಟಿಯಲ್ಲಿ ಬರೆದು ಕೋವಿಯ ಚೀಲದಲ್ಲೇ ಇಡಿ. ಹಬ್ಬದ ದಿನ ಅದನ್ನು ಪೂಜೆಗಿಡಿ. ಮಗಳು ಮೊದಲ ಕೆಲವು ತಿಂಗಳು ಕ್ಲಬ್ಬಿನ ಕೋವಿಯಲ್ಲೇ, ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಂಡು, 24 ಗ್ರಾಂ ತೋಟಾದಲ್ಲಿ ಕಲಿಯಲಿ. ಅವಳ ಭಂಗಿ ನೆಲೆನಿಂತ ಮೇಲೆ ಅವಳ ಅಳತೆ ತೆಗೆಸಿ, ಆಗ ಕೊಳ್ಳಿ.