ಕಲ್ಲುಗಣಿಯ ಕಾಡು ಮತ್ತು ಸಹಸ್ರಪದಿ

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ಮೊಂಬಾಸ ನಗರಕ್ಕೆ ಸಮೀಪದ ಕಡಲ ತೀರದಲ್ಲಿ ಬಂಬೂರಿ ಎಂಬ ಊರಿದೆ. ಪುರಾತನ ಕಾಲದ ಹವಳದ ದಿಬ್ಬಗಳೇ ಗಟ್ಟಿಗೊಂಡು ಸುಣ್ಣಕಲ್ಲಾಗಿರುವ ನೆಲವದು. ಅಲ್ಲಿಯ ಸಿಮೆಂಟ್ ಕಾರ್ಖಾನೆಯು 1954ರಿಂದ ಈ ಕಲ್ಲನ್ನು ತೋಡುತ್ತ ಬಂದಿತು. ತೋಡಿದ ಮೇಲೆ ಉಳಿದುದು ಕಣ್ಣು ಕೋರೈಸುವ ಬಿಳಿಯ ಬಯಲು. ಹಿಡಿ ಮಣ್ಣಿಲ್ಲ, ಮೇಲೆ ಸುಡುವ ಬಿಸಿಲು, ಕೆಳಗೆ ತುಸು ಆಳದಲ್ಲೇ ಉಪ್ಪು ಬೆರೆತ ನೀರು.

1971ರಲ್ಲಿ ಸ್ವಿಟ್ಜರ್ಲೆಂಡಿನ ಕೃಷಿತಜ್ಞ ರೆನೆ ಹ್ಯಾಲರ್ ಎಂಬುವರು ಕಾರ್ಖಾನೆಯ ಪರವಾಗಿ ಇಲ್ಲಿ ಮರ ಬೆಳೆಸಲು ತೊಡಗಿದರು. ನೆಟ್ಟು ನೋಡಿದ 26 ಜಾತಿಗಳಲ್ಲಿ ಬದುಕಿದವು ಮೂರೇ. ಅವುಗಳಲ್ಲಿ ಮೇಲುಗೈ ಪಡೆದುದು ನಮ್ಮ ಕರಾವಳಿಯವರು ಚೆನ್ನಾಗಿ ಬಲ್ಲ ಗಾಳಿಮರ. ಉಪ್ಪುನೀರಿಗೆ ಅದು ಅಂಜುವುದಿಲ್ಲ. ಅದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯು ನೆಲೆಸಿ, ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತದೆ. ಆದಕಾರಣ ಮಣ್ಣಿನ ಹಂಗಿಲ್ಲದೆಯೂ ಅದು ಬೆಳೆಯಬಲ್ಲದು.

ಬಯಲು ಹಸಿರಾಯಿತು. ಆದರೆ ಅದನ್ನು ಕಾಡೆನ್ನುವುದು ಹೇಗೆ? ಸೂಜಿಯಂಥ ಎಲೆಕಡ್ಡಿಗಳು ಉದುರಿ ರಾಶಿಬಿದ್ದವು, ಕೊಳೆಯಲಿಲ್ಲ. ಅವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ಸೂಕ್ಷ್ಮಜೀವಿಗಳನ್ನು ಹತ್ತಿರ ಸೇರಿಸುವುದಿಲ್ಲ. ಕೊಳೆಯದಿದ್ದರೆ ಮಣ್ಣಿಲ್ಲ, ಮಣ್ಣಿಲ್ಲದೆ ಬೇರೆ ಗಿಡವಿಲ್ಲ. ಹೀಗಿರಲು, ಕೆಂಗಾಲಿನ ಒಂದು ಸಹಸ್ರಪದಿಯು ಈ ಕಡ್ಡಿಗಳನ್ನು ಮೆಲ್ಲುತ್ತಿದ್ದುದು ಹ್ಯಾಲರರ ಕಣ್ಣಿಗೆ ಬಿದ್ದಿತು. ಮಳೆಗಾಲದಲ್ಲಿ ನಮ್ಮ ಮನೆಯಂಗಳದಲ್ಲಿ ಕಂಡರೆ ನಾವು ಕಡ್ಡಿಯಿಂದ ದೂರ ತಳ್ಳುವ ಹುಳುವಿನ ಬಂಧುವೇ ಅದು! ಅಂಥವನ್ನು ನೂರುಗಟ್ಟಲೆ ತರಿಸಿ ಮರಗಳ ಅಡಿಯಲ್ಲಿ ಬಿಡಿಸಿದರು. ಹುಳು ತಿಂದುದರಲ್ಲಿ ಬಹುಪಾಲು ಜೀರ್ಣವಾಗದೆ ನುಣ್ಣಗಿನ ಹಿಕ್ಕೆಯಾಗಿ ಹೊರಬೀಳುತ್ತದೆ. ಈ ಹಿಕ್ಕೆಯಲ್ಲಿ ಸೂಕ್ಷ್ಮಜೀವಿಗಳ ಕೆಲಸ ಸರಾಗ. ವರ್ಷವರ್ಷಕ್ಕೂ ಕಪ್ಪು ಮಣ್ಣಿನ ಪದರವು ಕಲ್ಲಿನ ಮೇಲೆ ಕೂಡಿಬಂದಿತು, ಅದರಲ್ಲಿ ಬೇರೆ ಬೀಜಗಳು ಮೊಳೆತವು.

ಕೊಳಗಳನ್ನು ತೋಡಿ ಮೀನು ಬಿಟ್ಟುದು, ಹಕ್ಕಿಗಳು ನೆಲೆಸಿದುದು, ಜಿರಾಫೆ, ನೀರ್ಗುದುರೆ ಮುಂತಾದವನ್ನು ತಂದು ಸಾಕಿದುದು ಅನಂತರದ ಮಾತು. 2004ರ ಸುನಾಮಿಯ ಸಮಯದಲ್ಲಿ ಕಡಲ ತೀರದಲ್ಲಿ ಸಿಕ್ಕಿದ ಅನಾಥ ನೀರ್ಗುದುರೆ ಮರಿಯೊಂದು ಇಲ್ಲಿಯ ಮುದಿ ಆಮೆಯ ಬೆನ್ನುಬಿಡದೆ ಲೋಕಪ್ರಸಿದ್ಧವಾಯಿತು. ಹ್ಯಾಲರ್ ಪಾರ್ಕ್ ಎಂಬ ಹೆಸರಿನ ಈ ವನವನ್ನು ಸಂದರ್ಶಿಸುವವರು ಮೊದಲು ಕೇಳುವುದೂ ಇಂಥ ದೊಡ್ಡ ಪ್ರಾಣಿಗಳನ್ನೇ. ಆದರೆ ಅವು ಮನುಷ್ಯನು ತಂದಿರಿಸಿದವು. ಕಾಡಿನ ಲೆಕ್ಕದಲ್ಲಿ ತಾವಾಗಿ ಬಂದ ಹಕ್ಕಿಗಳಿಗೇ ಹೆಚ್ಚಿನ ಬೆಲೆ ಕೊಡಬೇಕೆಂದು ನಮಗೆ ತೋರುತ್ತದೆ. ಇನ್ನು ಗಾಳಿಮರವೋ, ಆಫ್ರಿಕಕ್ಕೆ ಹೊರಗಿನದು. ಮಣ್ಣು ಕೂಡಿದ ಮೇಲೆ ಅದನ್ನು ಅಲ್ಲಲ್ಲಿ ಕಡಿದು ಕಂಬಕ್ಕೂ ಸೌದೆಗೂ ಬಳಸಿ, ತೆರವಾದ ಎಡೆಯನ್ನು ಬೇರೆ ಮರಗಳಿಗೆ ಬಿಟ್ಟುಕೊಟ್ಟರು.