ಪಡುವಣ ಗೋಡೆಯನ್ನು ಮೊದಲು ನೋಡಿ

ಕಳೆದ ಮಾರ್ಚ್ ತಿಂಗಳಿನಲ್ಲಿ ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, ಪುಸ್ತಕಗಳನ್ನು ಎದೆಗವಚಿಕೊಂಡು ತನ್ನ ಕೋಣೆಯಿಂದ ಹೊರಬಂದು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಡುತ್ತಿದ್ದಳು. ಅವಳ ಕೋಣೆಯಿರುವುದು ಪಶ್ಚಿಮ ದಿಕ್ಕಿಗೆ. ಹೊರಗೋಡೆ ಆರಂಗುಲದ ಸಿಮೆಂಟ್ ಹಾಲೋ ಬ್ಲಾಕಿನದು. ರಾತ್ರಿ ಒಂಬತ್ತಾದರೂ ಗೋಡೆಗೆ ಕೈಯಿಟ್ಟರೆ ಬಿಸಿ ತಗಲುತ್ತಿತ್ತು. ಮಳೆಗಾಲ ಬಂದರೆ ಅದೇ ಗೋಡೆಯ ಬಿರುಕುಗಳಲ್ಲಿ ನೀರು ಜಿನುಗಿ ಒಳಗೆ ಬೂಷ್ಟು ಹಿಡಿಯುತ್ತಿತ್ತು.

ಮನೆ ಕಟ್ಟಿಸುವಾಗ ಬೀದಿಗೆ ಕಾಣುವ ಮುಂಭಾಗಕ್ಕೆ ನಾನು ಹೊಳಪಿನ ಗ್ರಾನೈಟ್ ಹೊದಿಸಿದ್ದೆ. ಆ ಹಣದಲ್ಲಿ ಪಡುವಣ ಗೋಡೆಯನ್ನು ಒಂಬತ್ತಂಗುಲದ ಇಟ್ಟಿಗೆಯಿಂದ ಕಟ್ಟಿಸಬಹುದಾಗಿತ್ತು. ನೋಡುವವರಿಗಾಗಿ ಒಂದು ಗೋಡೆಯನ್ನು ಸಿಂಗರಿಸಿ, ವಾಸಿಸುವವರನ್ನು ಕಾಯಬೇಕಾದ ಗೋಡೆಯನ್ನು ಮರೆತೆನೆಂಬುದು ನನಗೆ ಅರಿವಾದದ್ದು ಮಗಳು ಅಡುಗೆಮನೆಯಲ್ಲಿ ಕುಳಿತಾಗ. ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ನಮ್ಮಂತಹ ಕುಟುಂಬಗಳು ಬಾಳಿನಲ್ಲಿ ಒಮ್ಮೆ ಮಾತ್ರ ಮನೆ ಕಟ್ಟುತ್ತವೆ. ಆದುದರಿಂದ ನಾನು ತಡವಾಗಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಸೀಮೆಯ ಹವೆಯನ್ನು ತಂಪಿನದೆಂದು ಹೊಗಳುವುದು ವಾಡಿಕೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಶೂಲಗಿರಿ ದಾಟಿ ಇಳಿದರೆ ಕೃಷ್ಣಗಿರಿ ಸುಮಾರು 500 ಮೀಟರ್ ಎತ್ತರದಲ್ಲಿದೆ. ಐವತ್ತು ಕಿಲೋಮೀಟರಿನ ಅಂತರದಲ್ಲಿ ಹವೆ ಬದಲಾಗುತ್ತದೆ. ಆದರೆ ಎರಡೂ ಊರುಗಳ ಹೊರಗೋಡೆಗೆ ಮೂರು ಶತ್ರುಗಳು ಸಮಾನ. ಮೊದಲನೆಯದು ಮಾರ್ಚ್‌ನಿಂದ ಮೇವರೆಗಿನ ಇಳಿಹೊತ್ತಿನ ಬಿಸಿಲು. ನೆತ್ತಿಯ ಮೇಲಿನ ಸೂರ್ಯನನ್ನು ಚಜ್ಜ ತಡೆಯಬಲ್ಲದು. ಪಶ್ಚಿಮಕ್ಕೆ ಇಳಿದು ಓರೆಯಾಗಿ ಬೀಳುವ ಬಿಸಿಲನ್ನು ತಡೆಯಲಾರದು. ಎರಡನೆಯದು ಗಾಳಿಯೊಡನೆ ಗೋಡೆಗೆ ಬಡಿಯುವ ಮಳೆ. ನಮಗೆ ಮುಂಗಾರೂ ಉಂಟು, ಅಕ್ಟೋಬರಿನ ಹಿಂಗಾರೂ ಉಂಟು. ಮೂರನೆಯದು ಹಗಲು ಕಾದು ಇರುಳು ತಣಿಯುವ ಏರಿಳಿತ. ಇದರಿಂದ ಗೋಡೆ ದಿನವೂ ಹಿಗ್ಗಿ ಕುಗ್ಗುತ್ತದೆ. ಗಾರೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಮಳೆನೀರು ಆ ದಾರಿಯನ್ನು ಹಿಡಿಯುತ್ತದೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ತಳಿಯ ಬಳಿಯ ನಮ್ಮ ಅಜ್ಜನ ಮನೆಗೆ ಕಲ್ಲಿನ ತಳಪಾಯ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿದ ನಾಡಹೆಂಚಿನ ಸೂರು, ವರ್ಷಕ್ಕೊಮ್ಮೆ ಸುಣ್ಣ. ದಪ್ಪ ಗೋಡೆ ಹಗಲಿನ ಶಾಖವನ್ನು ಹೀರಿ ತಡೆದಿಡುತ್ತಿತ್ತು. ಚಾಚಿದ ಸೂರು ಮಳೆ ಬಿಸಿಲುಗಳೆರಡನ್ನೂ ದೂರವಿಡುತ್ತಿತ್ತು. ಬಿಳಿಯ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತಿತ್ತು. ಇಂದು ಯಾವ ಸಾಮಗ್ರಿಯನ್ನು ಆರಿಸಿದರೂ ಈ ಮೂರು ಕೆಲಸಗಳನ್ನು ಯಾರು ಮಾಡುತ್ತಾರೆಂದು ಕೇಳಿಕೊಳ್ಳಬೇಕು.

ನಮ್ಮ ನೆಲದ ಸಂಪತ್ತು ಕಲ್ಲು. ಕೃಷ್ಣಗಿರಿಯ ಪ್ಯಾರಡೈಸೋ ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಮಳೆಗೆ ಗ್ರಾನೈಟ್ ಅಂಜುವುದಿಲ್ಲ. ಆದರೆ ಶಾಖವನ್ನು ಅದು ಸುಟ್ಟ ಇಟ್ಟಿಗೆಗಿಂತ ಮೂರು ನಾಲ್ಕು ಪಟ್ಟು ಸುಲಭವಾಗಿ ಒಳಕ್ಕೆ ಹರಿಸುತ್ತದೆ. ಒಂದೂವರೆ ಅಡಿಯ ಸೈಜುಕಲ್ಲಿನ ಗೋಡೆ ತನ್ನ ದಪ್ಪದಿಂದಲೇ ತಂಪಾಗಿರುತ್ತದೆ. ಮೂರಂಗುಲದ ಚಪ್ಪಡಿಯನ್ನು ನಿಲ್ಲಿಸಿ ಕಟ್ಟಿದ ಗೋಡೆ ದನದ ಕೊಟ್ಟಿಗೆಗೆ, ಕಾಂಪೌಂಡಿಗೆ ಸರಿ. ಮಲಗುವ ಕೋಣೆಗೆ ಸಲ್ಲದು.

ಸುಟ್ಟ ಇಟ್ಟಿಗೆಯ ಒಂಬತ್ತಂಗುಲದ ಗೋಡೆಯನ್ನು ಬಿಸಿಲಿನ ಶಾಖ ದಾಟಲು ಆರೇಳು ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ತಂಗಾಳಿ ಬೀಸತೊಡಗಿರುತ್ತದೆ, ಕಿಟಕಿ ತೆರೆದರಾಯಿತು. ಒಳ್ಳೆಯ ಇಟ್ಟಿಗೆಯನ್ನು ಗುರುತಿಸುವುದು ಸುಲಭ. ಒಂದಕ್ಕೊಂದು ಬಡಿದರೆ ಲೋಹದಂತೆ ಖಣಿಲೆನ್ನಬೇಕು. ಒಂದು ದಿನ ನೀರಿನಲ್ಲಿ ನೆನೆಸಿದರೆ ತೂಕ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚಬಾರದು.

ಸಿಮೆಂಟ್ ಬ್ಲಾಕು ಅಗ್ಗ, ಕೆಲಸವೂ ಬೇಗ. ದೋಷವಿರುವುದು ಬ್ಲಾಕಿನಲ್ಲಿ ಮಾತ್ರವಲ್ಲ, ನಮ್ಮ ಅವಸರದಲ್ಲಿ. ಬ್ಲಾಕನ್ನು ಕನಿಷ್ಠ 14 ದಿನ ನೀರುಣಿಸಿ, ಬಳಿಕ ಚೆನ್ನಾಗಿ ಒಣಗಿಸಿ ಬಳಸಬೇಕು. ಹಸಿ ಬ್ಲಾಕು ಗೋಡೆಯಲ್ಲಿದ್ದುಕೊಂಡೇ ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ನನ್ನ ಮನೆಗೆ ಬಂದ ಬ್ಲಾಕುಗಳು ಲಾರಿಯಿಂದ ಇಳಿಯುವಾಗಲೇ ತೇವವಾಗಿದ್ದವು. ನಾನು ನೋಡಿಯೂ ಸುಮ್ಮನಿದ್ದೆ.

ಹಗುರವಾದ ಎಎಸಿ ಬ್ಲಾಕು ಶಾಖವನ್ನು ತಡೆಯುವುದರಲ್ಲಿ ಇಟ್ಟಿಗೆಗಿಂತ ಬಹಳ ಮೇಲು. ಆದರೆ ಅದು ನೀರನ್ನು ಹೀರುತ್ತದೆ. ಹೊರಮೈಗೆ ಒಳ್ಳೆಯ ಗಾರೆಯಿಲ್ಲದೆ ಮಳೆಗೆ ಒಡ್ಡಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಿಂದ ಒತ್ತುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದಕ್ಕೆ ಸುಡುವ ಸೌದೆ ಬೇಡ. ಮರಳು ಬೆರೆತ ನಮ್ಮ ಕೆಮ್ಮಣ್ಣು ಅದಕ್ಕೆ ಒಗ್ಗುತ್ತದೆ. ಅಂಥ ಗೋಡೆಗೆ ಎತ್ತರದ ತಳಪಾಯವೂ ಚಾಚಿದ ಸೂರೂ ಇರಲೇಬೇಕು.

ಇನ್ನು ಗೋಡೆಯ ಹೊದಿಕೆ. ಹೊರಗಾರೆಯನ್ನು ಒಂದೇ ಪದರದಲ್ಲಿ ಮುಗಿಸದೆ ಎರಡು ಪದರಗಳಲ್ಲಿ ಬಳಿಸಿ, ಏಳು ದಿನವಾದರೂ ನೀರುಣಿಸಬೇಕು. ಕಾಂಕ್ರೀಟ್ ಕಂಬವೂ ಗೋಡೆಯೂ ಕೂಡುವೆಡೆಯಲ್ಲಿ ತಂತಿಬಲೆ ಹಾಕಿಸಬೇಕು. ಬಿರುಕು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಚಜ್ಜದ ಅಡಿಯಲ್ಲಿ ಅಂಚಿನುದ್ದಕ್ಕೂ ಒಂದು ಗೀರು ಬಿಡಿಸಿದರೆ ನೀರು ಗೋಡೆಯ ಕಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಗ್ರಾನೈಟ್ ಹೊದಿಸಲೇಬೇಕೆಂದಿದ್ದರೆ ಅದರ ತೂಕವನ್ನು ನೆನೆಯಿರಿ: 18 ಮಿಲಿಮೀಟರ್ ದಪ್ಪದ ಹಲಗೆ ಚದರ ಮೀಟರಿಗೆ ಸುಮಾರು 48 ಕಿಲೋ ತೂಗುತ್ತದೆ. ಮಕ್ಕಳು ಓಡಾಡುವ ಕಡೆ, ತಲೆಯ ಮೇಲಿನ ಎತ್ತರದಲ್ಲಿ, ಬರಿಯ ಸಿಮೆಂಟನ್ನು ನಂಬದೆ ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳಿಂದ ಬಿಗಿಸಬೇಕು.

ವಕೀಲನಾಗಿ ಒಂದು ಮಾತು. ಊರಿನವರಿಗೆಲ್ಲ ಕರಾರು ಬರೆದುಕೊಡುವ ನಾನು ನನ್ನ ಮೇಸ್ತ್ರಿಯೊಡನೆ ಬಾಯಿಮಾತಿನಲ್ಲಿಯೇ ಒಪ್ಪಂದ ಮಾಡಿಕೊಂಡಿದ್ದೆ. ಬಿರುಕು ಬಂದಾಗ ತೋರಿಸಲು ಒಂದು ಚೀಟಿಯೂ ನನ್ನಲ್ಲಿರಲಿಲ್ಲ. ನೀವು ಹಾಗೆ ಮಾಡಬೇಡಿರಿ. ಯಾವ ಗೋಡೆಗೆ ಯಾವ ಸಾಮಗ್ರಿ, ಎಷ್ಟು ದಪ್ಪ, ಗಾರೆಗೆ ಎಷ್ಟು ಪದರ, ಎಷ್ಟು ದಿನ ನೀರು, ಯಾವ ಹಂತಕ್ಕೆ ಎಷ್ಟು ಹಣ ಎಂಬುದೆಲ್ಲ ಬರಹದಲ್ಲಿರಲಿ, ರಸೀದಿಗಳನ್ನು ಜೋಪಾನವಾಗಿಡಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮನೆ ಕಟ್ಟಿಕೊಡುವುದೂ ಒಂದು ಸೇವೆ. ದೋಷ ಕಂಡ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಮ್ಮಲ್ಲಿ ಅನೇಕರು ತಮಿಳನ್ನು ಚೆನ್ನಾಗಿ ಮಾತನಾಡಿದರೂ ತಮಿಳಿನ ಕಾನೂನು ಬರಹವನ್ನು ಓದಲಾರರು. ಸಂಕೋಚಪಡದೆ ಬಲ್ಲವರಿಂದ ಕನ್ನಡದಲ್ಲಿ ಓದಿಸಿ ಕೇಳಿ, ‘ಕನ್ನಡದಲ್ಲಿ ಓದಿ ತಿಳಿಸಲಾಗಿದೆ’ ಎಂಬ ವಾಕ್ಯವನ್ನು ಸೇರಿಸಿದ ಮೇಲೆಯೇ ರುಜು ಹಾಕಿರಿ.

ಈಗಾಗಲೇ ಕಟ್ಟಿದ ಮನೆಗೂ ದಾರಿಯುಂಟು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾವು ಪಡುವಣ ಗೋಡೆಯ ಸಡಿಲ ಗಾರೆಯನ್ನು ಕೆತ್ತಿಸಿ, ಬಲೆ ಹಾಕಿಸಿ ಹೊಸದಾಗಿ ಗಾರೆ ಮಾಡಿಸಿದೆವು; ಮೇಲೆ ಬಿಳಿಯ ಬಣ್ಣ ಬಳಿಸಿದೆವು. ಗೋಡೆಗೆ ತಾಗಿದಂತೆ ನಾಲ್ಕಡಿ ಅಗಲದ ಮಂಗಳೂರು ಹೆಂಚಿನ ಮಾಡನ್ನು ಇಳಿಸಿದೆವು. ಅದರಾಚೆ ಒಂದು ಹೊಂಗೆಯ ಸಸಿಯನ್ನು ನೆಟ್ಟೆವು. ಮುಂಭಾಗದ ಗ್ರಾನೈಟಿಗಿಂತ ಕಡಿಮೆ ಖರ್ಚಾಯಿತು. ಹೊಂಗೆ ನೆರಳು ಕೊಡಲು ಇನ್ನೂ ಕೆಲವು ವರ್ಷಗಳು ಬೇಕು. ಆದರೆ ಮಗಳು ಈಗ ಮಧ್ಯಾಹ್ನವೂ ತನ್ನ ಕೋಣೆಯಲ್ಲಿಯೇ ಕುಳಿತು ಓದುತ್ತಾಳೆ.

ಮನೆ ಕಟ್ಟಲು ಹೊರಟವರು ಏಪ್ರಿಲ್ ತಿಂಗಳ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಬರಿಯ ನಿವೇಶನದಲ್ಲಿ ಅರ್ಧ ಗಂಟೆ ನಿಂತು ನೋಡಿರಿ. ಬಿಸಿಲು ಎಲ್ಲಿಂದ ಬಂದು ಮುಖಕ್ಕೆ ಹೊಡೆಯುತ್ತದೆಯೋ ಆ ಕಡೆಯ ಗೋಡೆಗೆ ಮೊದಲ ಹಣವನ್ನು ಮೀಸಲಿಡಿರಿ. ಬೀದಿಯ ಕಡೆಯ ಗೋಡೆ ಕಾಯಬಲ್ಲದು.