ಗೋಡೆಯ ಒಳಮುಖ ನನ್ನದು, ಗೋಡೆ ಎಲ್ಲರದು

ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವುದು ನನ್ನ ಹೊಟ್ಟೆಪಾಡು. ಆದರೂ ಸಿಡ್ನಿಯಲ್ಲಿ ಮೊದಲ ಫ್ಲ್ಯಾಟ್ ಕೊಂಡಾಗ ಆ ಕಟ್ಟಡದ ಲೆಕ್ಕಪತ್ರ ತೆರೆದೂ ನೋಡಲಿಲ್ಲ. ಅಡುಗೆಮನೆ ಚೆನ್ನಾಗಿತ್ತು, ರೈಲು ನಿಲ್ದಾಣ ಹತ್ತಿರವಿತ್ತು, ಅಷ್ಟೇ. ಎರಡನೇ ವರ್ಷ ಜೋರು ಮಳೆಗೆ ಮಲಗುವ ಕೋಣೆಯ ಹೊರಗೋಡೆಯಿಂದ ನೀರು ಜಿನುಗಿತು. ಕೈಯಿಂದ 1,800 ಡಾಲರ್ ಹಾಕಿ ರಿಪೇರಿ ಮಾಡಿಸಿದೆ. ಪಕ್ಕದ ಮನೆಯ ಅಜ್ಜಿ ನಕ್ಕರು: "ಆ ಗೋಡೆ ನಿನ್ನದಲ್ಲವಲ್ಲ!"

ಅಜ್ಜಿ ಹೇಳಿದ್ದು ನಿಜ. ನ್ಯೂ ಸೌತ್ ವೇಲ್ಸ್ 1961ರಲ್ಲೇ ಸ್ಟ್ರಾಟಾ ಕಾನೂನು ತಂದ ರಾಜ್ಯ. ಇಲ್ಲಿ ಸಾಮಾನ್ಯವಾಗಿ ಹೊರಗೋಡೆಯ ಒಳಮುಖದವರೆಗೆ ಮಾತ್ರ ನಮ್ಮದು. ಗೋಡೆ, ಛಾವಣಿ, ಲಿಫ್ಟ್ ಎಲ್ಲ ಮಾಲೀಕರ ಒಟ್ಟು ಆಸ್ತಿ. 2015ರ ಕಾಯಿದೆಯ 106ನೇ ಸೆಕ್ಷನ್ ಪ್ರಕಾರ ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಸಂಘದ ಕಡ್ಡಾಯ ಹೊಣೆ. ಸಂಘ ತಪ್ಪಿದರೆ ನಷ್ಟ ಪರಿಹಾರ ಕೇಳಬಹುದು; ಅದಕ್ಕಿದ್ದ 2 ವರ್ಷದ ಗಡುವು 2025ರಲ್ಲಿ 6 ವರ್ಷವಾಗಿದೆ.

ಖುಷಿಪಟ್ಟೆ. ಆರು ತಿಂಗಳಲ್ಲಿ ಇನ್ನೊಂದು ಪತ್ರ ಬಂತು: ಇಡೀ ಕಟ್ಟಡಕ್ಕೆ ನೀರು ಸೋರದಂತೆ ಕೆಲಸ, ಖರ್ಚು 3 ಲಕ್ಷ ಡಾಲರ್. ನನ್ನ ಯೂನಿಟ್ ಎಂಟೈಟಲ್‌ಮೆಂಟ್ 1,000ಕ್ಕೆ 28. ಅಂದರೆ ವಿಶೇಷ ಲೆವಿ 8,400 ಡಾಲರ್. ಅದನ್ನು ತೀರ್ಮಾನಿಸಿದ ಸಭೆಗೆ ನಾನು ಹೋಗಿರಲಿಲ್ಲ.

ಆಗ ಅರ್ಥವಾಯಿತು: ನಾವು ಕೊಳ್ಳುವುದು ಮನೆಯನ್ನಲ್ಲ, ಒಂದು ಅವಿಭಕ್ತ ಕುಟುಂಬದ ಪಾಲನ್ನು. ಊರಿನಲ್ಲೂ ಹೀಗೆಯೇ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಲ್ಲೂ ಸಾಮಾನ್ಯ ಜಾಗದ ಪಾಲು ಫ್ಲ್ಯಾಟಿಗೆ ಅಂಟಿಕೊಂಡೇ ಇರುತ್ತದೆ, ಒಡೆದು ಹಂಚಿಕೊಳ್ಳುವಂತಿಲ್ಲ.

ಕುಟುಂಬ ಹೇಗಿದೆ ಎನ್ನುವುದು ಕಷ್ಟ ಬಂದಾಗ ಗೊತ್ತಾಗುತ್ತದೆ. 2019ರ ಜೂನ್‌ನಲ್ಲಿ ಸಿಡ್ನಿಯ ಮ್ಯಾಸ್ಕಟ್ ಟವರ್ಸ್ ಬಿರುಕು ಬಿಟ್ಟಿತು, 132 ಫ್ಲ್ಯಾಟ್‌ಗಳು ಖಾಲಿಯಾದವು. ಒಳಗಿರಲಾಗದ ಮನೆಗೂ ಸಾಲದ ಕಂತು ತಪ್ಪಲಿಲ್ಲ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನ ಲಾಕ್ರೋಸ್ ಕಟ್ಟಡದಲ್ಲಿ 2014ರ ನವೆಂಬರ್‌ನಲ್ಲಿ ಒಂದು ಬಾಲ್ಕನಿಯ ಸಿಗರೇಟಿನಿಂದ ಹೊತ್ತಿದ ಬೆಂಕಿ ಹೊರಗೋಡೆಯ ಕ್ಲ್ಯಾಡಿಂಗ್ ಹಿಡಿದು ಮೇಲೇರಿತು. ಅಲ್ಲಿ ಮಾಲೀಕರು ಒಟ್ಟಾಗಿ ದಾವೆ ಹೂಡಿದರು. 2019ರಲ್ಲಿ ಅವರಿಗೆ 57 ಲಕ್ಷ ಡಾಲರಿಗೂ ಹೆಚ್ಚು ಪರಿಹಾರದ ತೀರ್ಪು ಬಂತು. ಅದರ ಬಹುಪಾಲು ಹೊರೆ ವಾಸ್ತುಶಿಲ್ಪಿ, ಸರ್ವೇಯರ್, ಅಗ್ನಿ ಸುರಕ್ಷತಾ ಎಂಜಿನಿಯರ್ ಮೇಲೆ ಬಿತ್ತು. ಒಬ್ಬೊಬ್ಬರೇ ಹೋಗಿದ್ದರೆ ವಕೀಲರ ಫೀಸಿಗೇ ಸುಸ್ತಾಗುತ್ತಿದ್ದರು.

ಕೊಳ್ಳುವ ಮುನ್ನ ನೀವು ಮಾಡಬೇಕಾದದ್ದು ಇಷ್ಟು. ಸಿಡ್ನಿಯಲ್ಲಾದರೆ ಸ್ಟ್ರಾಟಾ ದಾಖಲೆಗಳನ್ನು ಪರಿಶೀಲಿಸಿ. ಮೆಲ್ಬರ್ನ್‌ನಲ್ಲಾದರೆ ಸೆಕ್ಷನ್ 32 ಹೇಳಿಕೆಯ ಜೊತೆ ಬರುವ ಓನರ್ಸ್ ಕಾರ್ಪೊರೇಷನ್ ಸರ್ಟಿಫಿಕೇಟ್ ಓದಿ. ಅಲ್ಲಿ ಲಾಟ್ ಲಯಬಿಲಿಟಿ ಎಂದರೆ ಖರ್ಚಿನ ಪಾಲು, ಲಾಟ್ ಎಂಟೈಟಲ್‌ಮೆಂಟ್ ಎಂದರೆ ಆಸ್ತಿ ಮತ್ತು ಮತದ ಪಾಲು. ಎರಡೂ ಒಂದೇ ಇರಬೇಕೆಂದಿಲ್ಲ. ನಿಧಿಯಲ್ಲಿ ಎಷ್ಟಿದೆ, ಕಳೆದ ಸಭೆಗಳಲ್ಲಿ ಸೋರಿಕೆ, ಬಿರುಕು, ಕ್ಲ್ಯಾಡಿಂಗ್ ಎಂಬ ಮಾತು ಎಷ್ಟು ಸಲ ಬಂದಿದೆ, ನೋಡಿ. ಲೆವಿ ತೀರಾ ಕಡಿಮೆ ಇದ್ದರೆ ಹಿಗ್ಗಬೇಡಿ. ಅದು ಮುಂದೂಡಿದ ಸಾಲವೂ ಆಗಿರಬಹುದು.

ಕೊಂಡ ಮೇಲೆ ವಾರ್ಷಿಕ ಸಭೆ ತಪ್ಪಿಸಬೇಡಿ. ನಾನೀಗ ನಮ್ಮ ಕಟ್ಟಡದ ಕಮಿಟಿಯಲ್ಲಿದ್ದೇನೆ. ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಪ್ರತಿ ಬಿಲ್ಲನ್ನೂ ನನಗಿಂತ ಮೊದಲು ಓದಿರುತ್ತಾರೆ.